ತಪ್ಪು ಪೇಟಿಯದು, ನೋಟ ತಬಲಾದ ಮೇಲೆ

ಪೇಟಿ ನುಡಿಸುವುದರಲ್ಲಿ ನನ್ನದು ಎಂದೂ ದೊಡ್ಡ ಕೈಯಲ್ಲ. ಹಾರ್ಮೋನಿಯಮ್ಮಿಗೆ ನಮ್ಮ ವಿಜಾಪುರದ ಕಡೆ ಪೇಟಿ ಎನ್ನುತ್ತೇವೆ. ಪುಣೆಯ ಮರಾಠಿಯವರೂ ಹಾಗೇ ಅನ್ನುತ್ತಾರೆ. ಆದರೆ ಪೇಟಿಯನ್ನು ತಪ್ಪು ನುಡಿಸಿ ಪಾರಾಗುವುದಿದೆಯಲ್ಲ, ಅದರಲ್ಲಿ ಮಾತ್ರ ಇಡೀ ಪುಣೆಯಲ್ಲಿ ನನ್ನ ಸಮ ಯಾರೂ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ನಾನು ಅದನ್ನು ಅಷ್ಟು ಚೆನ್ನಾಗಿ ಮಾಡುತ್ತಿದ್ದುದರಿಂದ ಬೇರೆ ಯಾರಿಗೂ ಗೊತ್ತಾಗಿರಲಿಲ್ಲ.

ನಾನು ಪುಣೆಯ ಪಕ್ಕದ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ನನ್ನ ಮೇಜಿಗೆ ಬಂದ ತಪ್ಪಿನ ಕಾಗದವನ್ನು ಸಂಜೆಯೊಳಗೆ ಪಕ್ಕದ ಮೇಜಿಗೆ ದಾಟಿಸುವುದು ಅಲ್ಲಿ ನಾನು ಕಲಿತ ಮುಖ್ಯ ವಿದ್ಯೆ. ಸಂಜೆ ಮತ್ತು ರವಿವಾರಗಳಂದು ನಮ್ಮ ಕನ್ನಡದವರ ಭಜನಾ ಮಂಡಳಿಯಲ್ಲಿ ಪೇಟಿ ನುಡಿಸುತ್ತಿದ್ದೆ. ಹಾಡುವವರು ಅಂಬಾಬಾಯಿ. ಸೈನ್ಯದವರ ಅಂಗಿ ಹೊಲಿಯುವ ಕೆಲಸ ಅವರದು, ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಎದೆಯಾಳದಿಂದ ಬರುವ ಗಟ್ಟಿ ದನಿ. ತಬಲಾ ಬಾರಿಸುವವನು ಧರ್ಮಣ್ಣ. ಶಹಾಪುರದ ಕಡೆಯಿಂದ ಬಂದ ಗೌಂಡಿ. ಹಗಲೆಲ್ಲ ಕಲ್ಲು ಒಡೆದು ಗೋಡೆ ಕಟ್ಟುವ ಆ ಬೆರಳುಗಳು ಬಾಳೆಕಾಯಿಯಂತೆ ದಪ್ಪ ಇದ್ದವು. ಅಂಥ ಬೆರಳುಗಳಿಂದ ಅಷ್ಟು ಸಣ್ಣ ಸಣ್ಣ ಬೋಲುಗಳು ಹೇಗೆ ಹೊರಡುತ್ತವೆ ಎಂದು ನಾನು ಆಗಾಗ ಆಶ್ಚರ್ಯಪಡುತ್ತಿದ್ದೆ. ಆಶ್ಚರ್ಯಪಡುತ್ತ ಲಕ್ಷ್ಯ ತಪ್ಪಿ ತಪ್ಪು ಮನೆ ಒತ್ತುತ್ತಿದ್ದೆ. ಪೇಟಿಯ ಕೀಗಳಿಗೆ ನಾವು ಮನೆ ಎನ್ನುತ್ತೇವೆ.

ನನ್ನ ವಿದ್ಯೆ ಹುಟ್ಟಿದ್ದು ಎಪ್ಪತ್ತನಾಲ್ಕರ ಬಸವ ಜಯಂತಿಯಲ್ಲಿ. ಹಾಡಿನ ನಡುವೆ ನನ್ನ ಬೆರಳು ಜಾರಿ ಪೇಟಿ ಕಿರ್ರೆಂದಿತು. ಗಾಬರಿಯಾಗಿ ತಲೆ ತಿರುಗಿಸಿದೆ. ತಿರುಗಿಸಿದ ಕಡೆ ಧರ್ಮಣ್ಣ ಕೂತಿದ್ದ. ಕೂತ ಜನರೆಲ್ಲ ನನ್ನ ಕಣ್ಣನ್ನು ಹಿಂಬಾಲಿಸಿ ಅವನನ್ನೇ ನೋಡಿದರು. ಕಾರ್ಯಕ್ರಮ ಮುಗಿದ ಮೇಲೆ ಮಂಡಳಿಯ ಅಧ್ಯಕ್ಷ, ಅರಿವೆ ವ್ಯಾಪಾರದ ಲಾಲಪ್ಪನವರು ನನ್ನ ಹೆಗಲ ಮೇಲೆ ಕೈ ಹಾಕಿದರು.

"ಮಲಕಪ್ಪ, ಪೇಟಿ ಭಾಳ ಚಲೋ ಆತು. ಆ ತಬಲಾದವಗ ಸ್ವಲ್ಪ ಹೇಳು. ನಡುವ ಎಲ್ಲೋ ತಪ್ಪಿದ."

"ಹೇಳ್ತೀನ್ರಿ," ಎಂದೆ ನಾನು.

ಅಲ್ಲಿಂದ ಏಳು ವರ್ಷ ನಾನು ಆ ನೋಟವನ್ನು ತಿದ್ದಿ ತೀಡಿದೆ. ಬೆರಳು ತಪ್ಪಿದ ಕೂಡಲೇ ಕತ್ತನ್ನು ನಿಧಾನವಾಗಿ ಬಲಕ್ಕೆ ತಿರುಗಿಸಬೇಕು. ಅವಸರ ಮಾಡಿದರೆ ಕೆಟ್ಟಿತು. ಹುಬ್ಬು ಸ್ವಲ್ಪ ಮೇಲೇರಬೇಕು. ಸಿಟ್ಟು ಕಾಣಬಾರದು, ತಮ್ಮನ ತಪ್ಪನ್ನು ನುಂಗಿಕೊಳ್ಳುವ ಅಣ್ಣನ ದುಃಖ ಕಾಣಬೇಕು. ಕೊನೆಗೆ ಒಂದು ಸಣ್ಣ ಕ್ಷಮೆಯ ನಗೆ ನಕ್ಕು ಮತ್ತೆ ಪೇಟಿಯ ಕಡೆ ತಿರುಗಬೇಕು. ಇಷ್ಟನ್ನು ನಾನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೇನೆ. ಅಷ್ಟೇ ಹೊತ್ತು ಪೇಟಿಯ ಮುಂದೆ ಕೂತಿದ್ದರೆ ಬಹುಶಃ ಆ ನೋಟವೇ ಬೇಕಾಗುತ್ತಿರಲಿಲ್ಲ.

ಧರ್ಮಣ್ಣ ಇದನ್ನು ಸ್ವೀಕರಿಸುತ್ತಿದ್ದ ರೀತಿಯೂ ನನಗೆ ಅನುಕೂಲವಾಗಿತ್ತು. ನಾನು ನೋಡಿದ ಕೂಡಲೇ ಅವನು ತಲೆ ತಗ್ಗಿಸಿ, ಪಕ್ಕದಲ್ಲಿದ್ದ ಸಣ್ಣ ಸುತ್ತಿಗೆ ಎತ್ತಿ ತಬಲಾದ ಅಂಚಿಗೆ ಎರಡು ಪೆಟ್ಟು ಹಾಕುತ್ತಿದ್ದ, ಶ್ರುತಿ ಇಳಿದಿದೆ ಎಂಬಂತೆ. ಜನಕ್ಕೆ ಸಮಾಧಾನವಾಗುತ್ತಿತ್ತು. ಪಾಪ, ತನ್ನದೇ ತಪ್ಪೆಂದು ನಂಬಿದ್ದಾನೆ ಎಂದುಕೊಂಡಿದ್ದೆ.

ನನ್ನ ಹೆಂಡತಿ ಶಿವಬಸವ್ವನನ್ನು ಮಾತ್ರ ನಂಬಿಸಲು ಆಗಿರಲಿಲ್ಲ. ಅವಳು ಮನೆಯಲ್ಲಿ ನನ್ನ ಅಭ್ಯಾಸ ಕೇಳುವವಳು.

"ಮನ್ಯಾಗೂ ಅದೇ ಜಾಗಾದಾಗ ತಪ್ಪತೀರಿ," ಎಂದಳು ಒಂದು ಸಲ. "ಇಲ್ಲಿ ತಬಲಾದವ ಇಲ್ಲ ನೋಡ್ರಿ, ಅದಕ್ಕ ನನ್ನ ಕಡೆ ಹೊಳ್ಳಿ ನೋಡ್ತೀರಿ."

ಎಂಬತ್ತೊಂದರಲ್ಲಿ ನಮಗೊಂದು ಕರೆ ಬಂತು. ಜೋಗಳೇಕರ ಎಂಬ ನಿವೃತ್ತ ಮಾಸ್ತರರು ಯಾರದೋ ಮನೆಯಲ್ಲಿ ಅಂಬಾಬಾಯಿಯವರ ತತ್ವಪದ ಕೇಳಿ ಮೆಚ್ಚಿ, ಸದಾಶಿವ ಪೇಟೆಯ ತಮ್ಮ ಸಂಗೀತ ಮಂಡಳಿಯಲ್ಲಿ ಒಂದು ರವಿವಾರ ಮುಂಜಾನೆ ಹಾಡಬೇಕೆಂದು ಕೇಳಿದರು. ಸದಾಶಿವ ಪೇಟೆಯ ಕೇಳುಗರೆಂದರೆ ಸಾಮಾನ್ಯರಲ್ಲ. ಅಲ್ಲಿಯ ಅಜ್ಜಿಯಂದಿರು ಅಕ್ಕಿ ಆರಿಸುತ್ತಲೇ ಯಾವ ಸ್ವರ ಎಷ್ಟು ಕೆಳಗಿದೆ ಎಂದು ಹೇಳಬಲ್ಲರೆಂಬ ಮಾತಿತ್ತು. ಅಂಬಾಬಾಯಿ ನಾಲ್ಕು ದಿನ ತಣ್ಣಗಿನದೇನೂ ಕುಡಿಯಲಿಲ್ಲ. ಧರ್ಮಣ್ಣ ತನ್ನ ಎಡಗೈಯ ಡಗ್ಗಕ್ಕೆ ಹೊಸ ಚರ್ಮ ಹಾಕಿಸಿದ. ನಾನು ಪೇಟಿ ಬಿಚ್ಚಿದೆ.

ಬಿಚ್ಚುವ ಅಗತ್ಯ ಏನೂ ಇರಲಿಲ್ಲ. ಚೆನ್ನಾಗಿಯೇ ನುಡಿಯುತ್ತಿತ್ತು. ಆದರೆ ದೊಡ್ಡ ಕಚೇರಿಗೆ ಮೊದಲು ದೊಡ್ಡ ವಾದಕರು ತಮ್ಮ ಪೇಟಿಯನ್ನು ತಾವೇ ಬಿಚ್ಚಿ ಶುಚಿ ಮಾಡುತ್ತಾರೆಂದು ಎಲ್ಲೋ ಕೇಳಿದ್ದೆ. ವರ್ತಮಾನಪತ್ರಿಕೆ ಹಾಸಿ, ಮನೆಗಳನ್ನೆಲ್ಲ ಒಂದೊಂದಾಗಿ ಕಿತ್ತು ಸಾಲಾಗಿ ಇಟ್ಟೆ. ಒರೆಸಿದೆ. ತಿರುಗಿ ಜೋಡಿಸುವಾಗ ಒಂದು ಮನೆಯ ಕೆಳಗಿನ ಸ್ಪ್ರಿಂಗು ನನ್ನ ಕೈಯಲ್ಲಿ ಟಕ್ಕೆಂದು ಮುರಿಯಿತು. ಬೆರಳು ತೆಗೆದ ಕೂಡಲೇ ಮನೆಯನ್ನು ಮೇಲಕ್ಕೆ ದೂಡಿ ಗಾಳಿಯ ಬಾಯಿ ಮುಚ್ಚುವುದು ಆ ಸ್ಪ್ರಿಂಗಿನ ಕೆಲಸ. ಅದಿಲ್ಲದಿದ್ದರೆ ಆ ಸ್ವರ ನಿಲ್ಲುವುದೇ ಇಲ್ಲ.

ಲಕ್ಷ್ಮೀ ರೋಡಿನಲ್ಲಿ ಪೇಟಿ ದುರಸ್ತಿ ಮಾಡುವವರು ಇದ್ದರು. ಅವರ ಹತ್ತಿರ ಹೋದರೆ, ಬಿಚ್ಚಿದ್ದು ಯಾರು ಎಂದು ಕೇಳುತ್ತಾರೆ. ಆದ್ದರಿಂದ ನಾನು ನನ್ನ ಕೊಡೆಯನ್ನು ತೆಗೆದುಕೊಂಡು, ಅದರ ಕೋಲಿನಲ್ಲಿದ್ದ ಸಣ್ಣ ತಂತಿಯ ಕೊಂಡಿಯನ್ನು ಕಿತ್ತು, ಬಗ್ಗಿಸಿ ಸ್ಪ್ರಿಂಗು ಮಾಡಿದೆ. ಮನೆ ಮೇಲಕ್ಕೂ ಕೆಳಕ್ಕೂ ಸರಿಯಾಗಿ ಆಡಿತು. ಹೆಮ್ಮೆಯಿಂದ ಶಿವಬಸವ್ವನನ್ನು ಕರೆದು ತೋರಿಸಿದೆ.

ಅವಳು ಪೇಟಿಯನ್ನು ನೋಡಲಿಲ್ಲ. ಕೊಡೆ ಬಿಚ್ಚಿ ನೋಡಿದಳು. ಅದು ಅವಳ ತಲೆಯ ಮೇಲೆ ಮಡಚಿಕೊಂಡು ಬಿತ್ತು.

"ಛತ್ರಿ ಅಂತೂ ಹೋತು," ಎಂದಳು ಒಳಗಿನಿಂದಲೇ. "ಪೇಟಿದ ಪಾಳಿ ಯಾವಾಗ ಅಂತ ನೋಡಬೇಕು."

ನಾನು ಮಾಡಿದ ಇನ್ನೊಂದು ಸಿದ್ಧತೆ ಮೈಕಿನದು. ಜೋಗಳೇಕರ ಮಾಸ್ತರರು, ನಮ್ಮದು ಸಣ್ಣ ಸಭಾಗೃಹ, ಮೈಕು ಬೇಡ ಎಂದೇ ಹೇಳಿದ್ದರು. ನಾನು ಒಪ್ಪಲಿಲ್ಲ. ಖಡಕಿ ಬಜಾರಿನ ಕಾಶಪ್ಪ ಮದುವೆ ಮುಂಜಿವೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದ, ನಮ್ಮ ಮಂಡಳಿಯ ಖಾಯಂ ಮನುಷ್ಯ. ಅವನನ್ನು ಆಂಪ್ಲಿಫಾಯರು ಮತ್ತು ಎರಡು ಭೋಂಗಾ ಸ್ಪೀಕರುಗಳ ಸಮೇತ ಕರೆದುಕೊಂಡು ಹೋದೆ. ಒಂದು ಮೈಕು ಅಂಬಾಬಾಯಿಯವರಿಗೆ. ಇನ್ನೊಂದನ್ನು ತಬಲಾಕ್ಕೆ ಇಡಲು ಹೊರಟಿದ್ದ ಕಾಶಪ್ಪನ ಕೈ ಹಿಡಿದು ನನ್ನ ಪೇಟಿಯ ಬೆನ್ನಿಗೆ, ಒಂದು ಗೇಣಿನಷ್ಟು ದೂರಕ್ಕೆ ಇಡಿಸಿದೆ.

ಸಭಾಗೃಹ ತುಂಬಿತ್ತು. ಇನ್ನೂರು ಜನ ಇರಬಹುದು. ಮುಂದಿನ ಸಾಲಿನಲ್ಲಿ ಬಿಳಿ ಧೋತರ, ಕರಿ ಟೊಪ್ಪಿಗೆಯ ಜೋಗಳೇಕರ ಮಾಸ್ತರರು ಕಣ್ಣು ಮುಚ್ಚಿ ಕೂತಿದ್ದರು. ಮೊದಲ ಪದ ನಿರಾತಂಕವಾಗಿ ನಡೆಯಿತು. ನಾನು ಎರಡು ಸಲ ತಪ್ಪಿದೆ, ಎರಡು ಸಲ ಧರ್ಮಣ್ಣನನ್ನು ನೋಡಿದೆ, ಅವನು ಎರಡು ಸಲ ಸುತ್ತಿಗೆ ಎತ್ತಿದ. ಹೆಂಗಸರ ಕಡೆಯಿಂದ ಯಾರೋ ಮರಾಠಿಯಲ್ಲಿ, ತಬಲಾದವರು ಹೊಸಬರಿರಬೇಕು ಎಂದಂತಾಯಿತು. ನನಗೆ ಧೈರ್ಯ ಬಂತು.

ಎರಡನೆಯದು ಒಂದು ಮರಾಠಿ ಅಭಂಗ. ಅಲ್ಲಿಯವರಿಗಾಗಿಯೇ ಅಂಬಾಬಾಯಿ ತಿಂಗಳುಗಟ್ಟಲೆ ಕಲಿತದ್ದು. ಅವರು ಷಡ್ಜದ ಮೇಲೆ ನಿಂತು ಕಣ್ಣು ಮುಚ್ಚಿದರು. ನಾನೂ ಷಡ್ಜ ಹಿಡಿದು, ರಿಷಭ ಮುಟ್ಟಿ, ಗಂಧಾರಕ್ಕೆ ಹೋಗಿ ಹಿಂದಕ್ಕೆ ಬಂದೆ. ನಾನು ಬಂದೆ. ರಿಷಭ ಬರಲಿಲ್ಲ. ಅದು ಅಲ್ಲೇ ನಿಂತು ಪೀ ಎಂದು ಕೂಗತೊಡಗಿತು.

ಕೊಡೆಯ ತಂತಿ ಬಿಟ್ಟಿತೆಂದು ನನಗೆ ತಕ್ಷಣ ಗೊತ್ತಾಯಿತು. ಬೆರಳು ತೆಗೆದೆ. ಪೀ. ಇನ್ನೊಂದು ಮನೆ ಒತ್ತಿದೆ. ಎರಡೂ ಸೇರಿ ಕೂಗಿದವು. ಎರಡು ಭೋಂಗಾಗಳಿಂದ ಆ ಸ್ವರ ಇಡೀ ಸದಾಶಿವ ಪೇಟೆಗೆ ಹೋಗುತ್ತಿತ್ತು. ನಾನು ಕಾಶಪ್ಪನ ಕಡೆ ಕೈ ಬೀಸಿ ಸನ್ನೆ ಮಾಡಿದೆ. ಇಷ್ಟು ವರ್ಷ ನಾನು ಅವನಿಗೆ ಕೈಸನ್ನೆ ಮಾಡಿದ್ದೆಲ್ಲ ನನ್ನ ದನಿ ಹೆಚ್ಚಿಸು ಎಂದು. ಕಡಿಮೆ ಮಾಡು ಎಂದು ಒಮ್ಮೆಯೂ ಮಾಡಿದ್ದಿಲ್ಲ. ಅವನು ವಿಧೇಯನಾಗಿ ತಲೆ ಅಲ್ಲಾಡಿಸಿ ಗುಂಡಿಯನ್ನು ಇನ್ನಷ್ಟು ಮೇಲಕ್ಕೆ ತಿರುಗಿಸಿದ.

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತವೆ. ಎರಡೂ ಕೈಗಳನ್ನು ಪೇಟಿಯಿಂದ ಎತ್ತಿ, ಕತ್ತನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿ, ಹುಬ್ಬು ಏರಿಸಿ, ಅಣ್ಣನ ದುಃಖದಿಂದ ಧರ್ಮಣ್ಣನನ್ನು ನೋಡಿದೆ. ತಿದಿಯಲ್ಲಿ ಉಳಿದಿದ್ದ ಗಾಳಿಗೆ ಪೇಟಿ ಇನ್ನೂ ಕೂಗುತ್ತಲೇ ಇತ್ತು. ಧರ್ಮಣ್ಣನಿಗೂ ಏಳು ವರ್ಷದ ರೂಢಿ. ಅವನು ತಲೆ ತಗ್ಗಿಸಿ, ಸುತ್ತಿಗೆ ತೆಗೆದು, ತಬಲಾಕ್ಕೆ ಎರಡು ಪೆಟ್ಟು ಹಾಕಿದ.

ನಗೆ ಮುಂದಿನ ಸಾಲಿನಿಂದ ಎದ್ದು ಹಿಂದಿನ ಗೋಡೆಯವರೆಗೆ ಹೋಯಿತು. ಜೋಗಳೇಕರ ಮಾಸ್ತರರು ಕಣ್ಣು ತೆರೆದಿದ್ದರು.

"ಅಹೋ ಪೇಟೀವಾಲೆ!" ಎಂದರು ಗಟ್ಟಿಯಾಗಿ. "ತಬಲ್ಯಾಕಡೆ ಕಾಯ ಬಘತಾ? ಪೇಟೀ ಬಘಾ, ಪೇಟೀ!"

ತಬಲಾದ ಕಡೆ ಏನು ನೋಡುತ್ತೀರಿ, ನಿಮ್ಮ ಪೇಟಿ ನೋಡಿಕೊಳ್ಳಿ ಎಂದು. ಅದನ್ನು ನನಗೆ ಅನುವಾದಿಸಿ ಹೇಳುವ ಅಗತ್ಯ ಯಾರಿಗೂ ಇರಲಿಲ್ಲ.

ಅಂಬಾಬಾಯಿ ನಿಲ್ಲಿಸಲಿಲ್ಲ. ಕಣ್ಣು ಸಹ ತೆರೆಯದೆ ಹಾಡಿನ ಮುಂದಿನ ಸಾಲು ಎತ್ತಿಕೊಂಡರು. ಧರ್ಮಣ್ಣ ತಾಳ ಹಿಡಿದ. ನಾನು ತಿದಿ ಒತ್ತದೆ, ಕೈ ತೊಡೆಯ ಮೇಲಿಟ್ಟುಕೊಂಡು ಇನ್ನೂರು ಜನರ ಎದುರು ಕೂತೆ. ಎದ್ದು ಹೋಗುವಂತಿಲ್ಲ, ನುಡಿಸುವಂತಿಲ್ಲ. ಆಫೀಸಿನಲ್ಲಾಗಿದ್ದರೆ ಒಂದು ಫೈಲು ತೆರೆದು ಓದುವಂತೆ ನಟಿಸಬಹುದಿತ್ತು. ವೇದಿಕೆಯ ಮೇಲೆ ಕೆಟ್ಟ ಪೇಟಿಯ ಮುಂದೆ ಕೂತವನಿಗೆ ನಟಿಸಲು ಏನೂ ಇರುವುದಿಲ್ಲ.

ಆಗ ಧರ್ಮಣ್ಣ ಕೈ ನಿಲ್ಲಿಸದೆ ನನ್ನ ಕಡೆ ಬಾಗಿದ.

"ಸಾಹೇಬ್ರ, ಆ ಮನೀ ಕೆಳಗ ಬೆಣಿ ಕೊಡ್ರಿ."

"ಏನಂದಿ?"

"ಬೆಣಿ, ಬೆಣಿ. ಕಲ್ಲಿನ ಸಂದ್ಯಾಗ ಕೊಡ್ತೀವಲ್ಲ, ಹಂಗ. ಮುಂದಿನ ತುದಿ ಎತ್ತಿ ಹಿಡೀರಿ, ಬಾಯಿ ಮುಚ್ಚಿಕೋತದ."

ಅಂಬಾಬಾಯಿಯವರಿಗೂ ಕೇಳಿಸಿತ್ತು. ಒಂದು ಸಾಲು ಮುಗಿದು ತಬಲಾ ಒಂದೇ ನಡೆಯುತ್ತಿದ್ದ ಹೊತ್ತಿನಲ್ಲಿ, ಸೆರಗು ಸರಿಪಡಿಸುವವರಂತೆ ಕೈ ಎತ್ತಿ ತುರುಬಿನಿಂದ ಒಂದು ಪಿನ್ನು ಕಿತ್ತು, ನನ್ನ ಕಡೆ ನೋಡದೆಯೇ ಪೇಟಿಯ ಮೇಲೆ ಇಟ್ಟರು. ನಾನು ಅದನ್ನು ಮಡಚಿ ರಿಷಭದ ಮನೆಯ ಕೆಳಗೆ ತುರುಕಿದೆ. ಹೆದರುತ್ತ ಹೆದರುತ್ತ ತಿದಿ ಒತ್ತಿದೆ. ಕೂಗು ನಿಂತಿತ್ತು.

ಈಗ ರಿಷಭವೇ ಇಲ್ಲದ ಪೇಟಿ ನನ್ನದು. ಆ ಹಾಡೋ, ಪ್ರತಿ ಸಾಲಿನಲ್ಲೂ ರಿಷಭಕ್ಕೆ ಹೋಗುವ ಹಾಡು. ಷಡ್ಜದಿಂದ ಗಂಧಾರಕ್ಕೆ ಮುರಿದ ಮೆಟ್ಟಿಲು ದಾಟುವವನಂತೆ ಹಾರಬೇಕಾಗಿತ್ತು. ಮೊದಲ ಸಲ ಹಾರಿದಾಗ ನಡುವೆ ಒಂದು ದೊಡ್ಡ ತೂತು ಬಿದ್ದಂತೆ ಕೇಳಿಸಿತು. ಎರಡನೆಯ ಸಲ ಆ ತೂತಿನ ಜಾಗಕ್ಕೆ ಸರಿಯಾಗಿ ಧರ್ಮಣ್ಣ ಡಗ್ಗದ ಮೇಲೆ ಅಂಗೈ ಒತ್ತಿ ಗುಂಯ್ ಎನ್ನುವ ಒಂದು ಗುಮುಕಿ ಕೊಟ್ಟ. ಮೂರನೆಯ ಸಲವೂ ಕೊಟ್ಟ. ಆಮೇಲೆ ಪ್ರತಿ ಸಲ ಬೇರೆ ಬೇರೆ ನಮೂನೆ. ಅಲ್ಲಿ ಪೇಟಿ ಬೇಕೆಂದೇ ಸುಮ್ಮನಾಗಿ ತಬಲಾಕ್ಕೆ ದಾರಿ ಬಿಡುತ್ತಿದೆ ಎಂದು ಕೇಳಿದವರಿಗೆ ಅನಿಸಬೇಕು, ಹಾಗೆ. ಜೋಗಳೇಕರ ಮಾಸ್ತರರು ತೊಡೆ ತಟ್ಟಿಕೊಳ್ಳತೊಡಗಿದರು. ಕೊನೆಗೆ ಚಪ್ಪಾಳೆ ಬಿದ್ದಾಗ ನಾನು ನನ್ನ ಜೀವನದಲ್ಲೇ ಮೊದಲ ಬಾರಿಗೆ ಒಂದಿಡೀ ಹಾಡನ್ನು ಪೂರ್ಣ ಲಕ್ಷ್ಯ ಕೊಟ್ಟು ನುಡಿಸಿದ್ದೆ.

ಚಹಾದ ಹೊತ್ತಿಗೆ ಜನ ಧರ್ಮಣ್ಣನನ್ನು ಸುತ್ತುವರಿದರು. ಅವನಿಗೆ ಹೊಗಳಿಕೆಯ ರೂಢಿ ಇರಲಿಲ್ಲ. ಚಹಾದ ಕಪ್ಪು, ಬಸಿ ಹಿಡಿದು, ನಾಯಿ ಬೆನ್ನಟ್ಟಿದವನಂತೆ ಗೋಡೆಗೆ ಒತ್ತಿಕೊಂಡು ನಿಂತಿದ್ದ.

ಮಧ್ಯಾಹ್ನ ಶಿವಾಜಿನಗರ ಸ್ಟೇಷನ್ನಿನಲ್ಲಿ ಲೋಕಲ್ ರೈಲಿಗಾಗಿ ಕಾಯುತ್ತ ನಾನೂ ಧರ್ಮಣ್ಣನೂ ಬೆಂಚಿನ ಮೇಲೆ ಕೂತೆವು. ಅಂಬಾಬಾಯಿ ಸ್ವಲ್ಪ ದೂರದಲ್ಲಿ ಬೇರೆ ಬೆಂಚು ಹಿಡಿದಿದ್ದರು. ಅವರು ನನ್ನೊಂದಿಗೆ ಮಾತಾಡುತ್ತಿರಲಿಲ್ಲ.

"ಧರ್ಮಣ್ಣ, ಇವತ್ತ ನಿನ್ನಿಂದ ನನ್ನ ಮಾನ ಉಳೀತು," ಎಂದೆ.

"ಏಳು ವರ್ಷ ಆತ್ರಿ ಸಾಹೇಬ್ರ, ಉಳಸ್ಕೋತ ಬಂದೀನಿ," ಎಂದ ಅವನು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಗೋಡೆ ಎಷ್ಟು ಎತ್ತರ ಬಂತೆಂದು ಕೇಳಿದರೆ ಹೇಳುತ್ತಾನಲ್ಲ, ಹಾಗೆ.

"ಅಂದ್ರ? ನಿನಗ ಗೊತ್ತಿತ್ತೇನು?"

"ಕಲ್ಲು ಒಡಿಯಾಂವ ನಾ. ಎಲ್ಲಿ ಬಿರುಕು ಬಿಟ್ಟದ ಅಂತ ಕಿವೀಲೇ ಗೊತ್ತಾಗ್ತದ್ರಿ. ನೀವು ತಪ್ಪಿದಾಗ ನನ್ನ ಕಡೆ ನೋಡ್ತಿದ್ರಿ. ಮಂದಿ ಮುಂದ ನಿಮ್ಮ ಮಾರಿ ಸಣ್ಣದಾಗಬಾರದಂತ ನಾ ಸುತ್ತಿಗಿ ತಗೀತಿದ್ದೆ. ಅದರಾಗೇನ ಐತಿ ಬಿಡ್ರಿ."

ಲೋಕಲ್ಲು ತಡವಾಗಿತ್ತು. ಅವನೇ ಮುಂದುವರಿಸಿದ.

"ಒಂದಕ್ಕ ಮಾತ್ರ ಭಾಳ ಬ್ಯಾಸರ ಆಗಿತ್ರಿ. ನಮ್ಮ ಮನ್ಯಾಕಿ ಸಾಬವ್ವ ಒಂದೇ ಒಂದ ಸಲ ಕೇಳಾಕ ಬಂದಿದ್ಳು, ಮಗಳನ್ನ ಕಟಗೊಂಡು. ಅವತ್ತೂ ನೀವು ಹೊಳ್ಳಿ ನೋಡಿದ್ರಿ. ಅವತ್ತಿನಿಂದ ಬರೂದ ಬಿಟ್ಟಾಳ. ದೊಡ್ಡ ಮಂದಿ ಮುಂದ ಎದಕ ಮಾನ ಕಳಕೋತಿ, ತಬಲಾ ಯಾರಿಗರ ಕೊಟ್ಟಬಿಡು ಅಂತಾಳ."

"ನೀ ಖರೇ ಸಂಗತಿ ಹೇಳಬೇಕಿತ್ತಲ್ಲೋ!"

"ಹೇಳಿದೆ. ಆಫೀಸಿನವ್ರು ತಪ್ಪತಾರ, ಗೌಂಡಿ ತಪ್ಪೂದಿಲ್ಲ ಅಂದ್ರ ಯಾರ ನಂಬತಾರ ಅಂದ್ಳು."

ಅಷ್ಟರಲ್ಲಿ ಲೋಕಲ್ಲು ಬಂತು. ಅವನು ತಬಲಾದ ಗಂಟನ್ನು ಹೆಗಲಿಗೇರಿಸಿ, ಇನ್ನೊಂದು ಕೈಯಲ್ಲಿ ನನ್ನ ಪೇಟಿಯನ್ನೂ ಎತ್ತಿಕೊಂಡ. ಅದನ್ನು ಅವನೇ ಹೊರುವುದು ಮೊದಲಿನಿಂದಲೂ ನಡೆದುಬಂದದ್ದು. ಅವತ್ತು ನಾನು ಕಸಿದುಕೊಂಡೆ. ಹತ್ತುವಾಗ ಅದನ್ನು ಬಾಗಿಲಿಗೆ ಬಡಿದೆ.

ಮರುದಿನ ಕೆಲಸ ಬಿಟ್ಟವನು ನೇರವಾಗಿ ಬೋಪೋಡಿಗೆ, ಧರ್ಮಣ್ಣನ ಮನೆಗೆ ಹೋದೆ. ರೈಲು ಹಳಿಯ ಪಕ್ಕದಲ್ಲಿ ತಗಡಿನ ಮನೆಗಳ ಸಾಲು. ಧರ್ಮಣ್ಣ ಇನ್ನೂ ಬಂದಿರಲಿಲ್ಲ. ಸಾಬವ್ವ ಒಲೆ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದವಳು ಗಡಬಡಿಸಿ ಎದ್ದು ಚಾಪೆ ಹಾಕಿದಳು. ನಾನು ದಾರಿಯುದ್ದಕ್ಕೂ ಯೋಚಿಸಿ ಬಂದಿದ್ದ ಮಾತನ್ನು ಹೇಳಿದೆ. ತಪ್ಪೆಲ್ಲ ನನ್ನದು, ಧರ್ಮಣ್ಣ ಒಂದು ಸಲವೂ ತಪ್ಪಿಲ್ಲ, ನಾನು ನನ್ನ ತಪ್ಪನ್ನು ಅವನ ಮೇಲೆ ಹಾಕಿದೆ ಎಂದು.

ಅವಳ ಕಣ್ಣಲ್ಲಿ ನೀರು ಬಂತು. ನನಗೂ ಬರುವುದರಲ್ಲಿತ್ತು.

"ನೀವು ದೇವರಂಥಾವ್ರು ಸಾಹೇಬ್ರ," ಎಂದಳು. "ನಮ್ಮನ್ಯಾಂವನ ತಪ್ಪನ್ನ ನಿಮ್ಮ ಮ್ಯಾಲ ಹಾಕ್ಕೊಂಡು ಮನೀತನಕ ಹೇಳಾಕ ಬಂದೀರಿ. ಇಷ್ಟ ದೊಡ್ಡ ಮನಸ್ಸು ಯಾರಿಗೈತಿ?"

"ಅಲ್ಲ ತಂಗಿ, ಖರೇನ ನಾನ..."

"ನಾ ಅವಗ ಹೇಳ್ತೀನಿ. ಇಂಥಾ ಸಾಹೇಬ್ರಿಗೆ ತ್ರಾಸ ಕೊಡಬ್ಯಾಡ, ತಬಲಾ ಬಿಟ್ಟಬಿಡು ಅಂತ."

ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ತಿಂದೆ. ತಪ್ಪೊಪ್ಪಿಕೊಳ್ಳಲು ಹೋದವನು ಇನ್ನಷ್ಟು ದೊಡ್ಡ ಮನುಷ್ಯನಾಗಿ ಮನೆಗೆ ಬಂದೆ.

ಶಿವಬಸವ್ವ ಎಲ್ಲವನ್ನೂ ಕೇಳಿ ಹಣೆ ಬಡಿದುಕೊಂಡಳು.

"ಒಬ್ಬಾಕಿ ಮುಂದ, ಒಲಿ ಮುಂದ ಕುಂತು ಹೇಳಿದ್ರ ನಂಬತಾರೇನ್ರಿ? ಮಂದಿ ಮುಂದ ಅವನ ಮಾನ ಕಳದೀರಿ. ಮಂದಿ ಮುಂದ ನಿಂತು ಹೇಳ್ರಿ. ಸಾಬವ್ವನ್ನ ಕರಕೊಂಡು ಬರೂದು ನನಗ ಬಿಡ್ರಿ."

ಮುಂದಿನ ವರ್ಷದ ಬಸವ ಜಯಂತಿಗೆ ಅವಳು ಹೇಳಿದಂತೆಯೇ ಮಾಡಿದಳು. ತಾನೇ ಬೋಪೋಡಿಗೆ ಹೋಗಿ, ಸಾಬವ್ವನಿಗೆ ತನ್ನ ಇಳಕಲ್ ಸೀರೆ ಉಡಿಸಿ, ಕರೆತಂದು ಮುಂದಿನ ಸಾಲಿನಲ್ಲಿ ತನ್ನ ಪಕ್ಕ ಕೂಡಿಸಿಕೊಂಡಳು. ಪೇಟಿಗೆ ಆ ಹೊತ್ತಿಗೆ ಲಕ್ಷ್ಮೀ ರೋಡಿನವರು ಸರಿಯಾದ ಸ್ಪ್ರಿಂಗು ಹಾಕಿದ್ದರು. ಬಿಚ್ಚಿದ್ದು ಯಾರು ಎಂದು ಕೇಳಿಯೂ ಇದ್ದರು.

ಹಾಡು ಆರಂಭವಾಗುವ ಮೊದಲು ನಾನು ಮೈಕು ಹಿಡಿದೆ.

"ಶರಣ ಬಂಧುಗಳೇ, ಇಷ್ಟು ವರ್ಷ ಪೇಟಿ ತಪ್ಪಿದಾಗೆಲ್ಲ ನಾನು ತಬಲಾದ ಕಡೆ ನೋಡುತ್ತ ಬಂದಿದ್ದೇನೆ. ಅದು ಮೋಸ. ಇಂದು ನಾನು ತಪ್ಪಿದಾಗೆಲ್ಲ ಕೈ ಎತ್ತುತ್ತೇನೆ. ನೀವೇ ನೋಡಬೇಕು."

ಲಾಲಪ್ಪನವರು ಇದು ವಿನಯದ ಮಾತೆಂದು ತಿಳಿದು ಚಪ್ಪಾಳೆ ಹೊಡೆದರು.

ಅಂಬಾಬಾಯಿ ಹಾಡು ಎತ್ತಿಕೊಂಡರು. ಎರಡನೆಯ ಸಾಲಿಗೇ ತಪ್ಪಿದೆ. ಮಾತು ಕೊಟ್ಟಂತೆ ಬಲಗೈ ಎತ್ತಿದೆ. ಆದರೆ ಸ್ವರ ಒತ್ತುವುದು ಅದೇ ಬಲಗೈ. ಅದು ಮೇಲೆ ಹೋದದ್ದರಿಂದ ಮುಂದಿನ ನಾಲ್ಕು ಸ್ವರ ಬರಲೇ ಇಲ್ಲ. ಅದೂ ತಪ್ಪೇ ಆದ್ದರಿಂದ ಈ ಸಲ ಎಡಗೈ ಎತ್ತಿದೆ. ತಿದಿ ಒತ್ತುವುದು ಎಡಗೈ. ಗಾಳಿ ಮುಗಿದು ಪೇಟಿ ಮುದಿ ಎಮ್ಮೆಯಂತೆ ನರಳಿ ಸುಮ್ಮನಾಯಿತು. ಒಂದೊಂದು ತಪ್ಪಿನ ಒಪ್ಪಿಗೆಯಿಂದ ಇನ್ನೊಂದು ತಪ್ಪು ಹುಟ್ಟುತ್ತದೆಂದು ನಾನು ಮುಂಚೆ ಯೋಚಿಸಿರಲಿಲ್ಲ. ಮೊದಲ ಪದ ಮುಗಿಯುವ ಹೊತ್ತಿಗೆ ನನ್ನ ಕೈಗಳು ಟ್ರಾಫಿಕ್ ಪೊಲೀಸನ ಕೈಗಳಂತೆ ಆಡುತ್ತಿದ್ದವು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಧರ್ಮಣ್ಣನೂ ನಗು ತಡೆಯಲಾರದೆ ತುಟಿ ಕಚ್ಚಿಕೊಂಡಿದ್ದ, ಆದರೂ ತಾಳ ಬಿಟ್ಟಿರಲಿಲ್ಲ.

ಅಂಬಾಬಾಯಿ ಹಾಡು ನಿಲ್ಲಿಸಿದರು. ಸದಾಶಿವ ಪೇಟೆಯಲ್ಲೂ ನಿಲ್ಲಿಸದವರು.

"ಮಲಕಪ್ಪನವರ, ಕೈ ಮುಗೀತೀನಿ," ಎಂದರು ಮೈಕಿನಲ್ಲೇ. "ಹಾಡು ಮುಗೀಲಿ. ಆಮ್ಯಾಲ ಎಲ್ಲಾ ಕೂಡೇ ಒಂದ ಸಲ ಹೇಳ್ರಿ."

ನಗೆಯ ನಡುವೆ ಸಾಬವ್ವನ ದನಿ ಕೇಳಿಸಿತು. ಅವಳು ಶಿವಬಸವ್ವನನ್ನು ಕೇಳುತ್ತಿದ್ದಳು, ಪಿಸುಗುಟ್ಟುತ್ತಿದ್ದೇನೆಂದು ತಿಳಿದುಕೊಂಡು, ಇಡೀ ಸಭೆಗೆ ಕೇಳುವಂತೆ.

"ಅಕ್ಕಾರ, ಇಷ್ಟೆಲ್ಲಾ ತಪ್ಪು ಇವ್ರದ ಏನ್ರಿ?"

"ಹೌದವಾ," ಎಂದಳು ನನ್ನ ಹೆಂಡತಿ. "ಮನ್ಯಾಗ ಇನ್ನೂ ಭಾಳ."

ಸಾಬವ್ವ ಸೆರಗು ಹೊದ್ದು ನೆಟ್ಟಗೆ ಕೂತು, ನನ್ನ ಕಡೆ ನೋಡುವುದನ್ನೇ ಬಿಟ್ಟು, ಮುಗಿಯುವವರೆಗೂ ಗಂಡನ ಕೈಗಳನ್ನೇ ನೋಡಿದಳು. ಅವತ್ತು ರೊಟ್ಟಿಯ ದಿನದ ಗೌರವವನ್ನೆಲ್ಲ ಅವಳು ನನ್ನಿಂದ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಎಲ್ಲಿ ಸಿಕ್ಕರೂ ನನ್ನನ್ನು ಸ್ವಲ್ಪ ಅನುಮಾನದಿಂದಲೇ ಮಾತಾಡಿಸುತ್ತಾಳೆ. ಅದು ನ್ಯಾಯವೇ.

ಮಂಡಳಿಯ ಸಭೆ ಆ ವಾರವೇ ಸೇರಿತು. ಲಾಲಪ್ಪನವರು ನನ್ನ ಪ್ರಾಮಾಣಿಕತೆಯನ್ನು ಬಹಳ ಹೊಗಳಿದರು. ಹೊಗಳಿ, ಇನ್ನು ಮುಂದೆ ಪೇಟಿಯನ್ನು ಇಂದೂ ಎಂಬುವವಳು ನುಡಿಸಲಿ ಎಂದರು. ಇಂದೂ ಕನ್ನಡ ಶಾಲೆಯ ಶಿಕ್ಷಕಿ, ಧಾರವಾಡದಲ್ಲಿ ಕ್ರಮವಾಗಿ ಕಲಿತವಳು. ಅವಳು ನುಡಿಸುವಾಗ ಯಾರ ಕಡೆಯೂ ನೋಡುತ್ತಿರಲಿಲ್ಲ. ನನಗೆ ಮೂರು ದಿನ ಊಟ ರುಚಿಸಲಿಲ್ಲ. ನಾಲ್ಕನೆಯ ದಿನ ಅವಳು ಅಭ್ಯಾಸ ಮಾಡುವುದನ್ನು ಕಿಟಕಿಯ ಹೊರಗೆ ನಿಂತು ಕೇಳಿದೆ. ಅದೇ ನನ್ನ ಪೇಟಿ. ಅದರೊಳಗೆ ಅಂಥ ಸ್ವರಗಳಿದ್ದವೆಂದು ನನಗೆ ಗೊತ್ತಿರಲಿಲ್ಲ.

ನನಗೂ ಒಂದು ಕೆಲಸ ಸಿಕ್ಕಿತು. ಕಾಶಪ್ಪ ಇಂದಾಪುರದ ತನ್ನ ಭಾವಮೈದುನನ ಜೊತೆ ಕಬ್ಬಿನ ವ್ಯವಹಾರಕ್ಕೆ ಹೋಗುವಾಗ ಹಳೆಯ ಮೈಕ್ ಸೆಟ್ಟನ್ನು ಮಂಡಳಿಗೇ ಬಿಟ್ಟುಹೋದ. ಆಂಪ್ಲಿಫಾಯರಿನ ಮುಂದೆ ಕೂಡಲು ಯಾರಾದರೂ ಬೇಕಾಗಿತ್ತು. ಕೂತೆ. ಯಾವ ವಾಯರು ಸಡಿಲಾದರೆ ಯಾವ ಸದ್ದು ಬರುತ್ತದೆಂದು ಕಲಿತೆ. ಮೈಕು ಕೂಗಿದರೆ ಈಗ ಯಾರ ಕಡೆಯೂ ನೋಡುವುದಿಲ್ಲ. ಎದ್ದು ಹೋಗಿ ಅದನ್ನು ತಿರುಗಿಸಿ ಇಡುತ್ತೇನೆ. ಎರಡು ಸಲ ಫ್ಯೂಜು ಸುಟ್ಟಿದ್ದೇನೆ, ಒಮ್ಮೆ ಲಾಲಪ್ಪನವರು ಭಾಷಣ ಮಾಡುತ್ತಿದ್ದಾಗ. ಅದಕ್ಕಾಗಿ ಹಲವರು ಬಂದು ನನಗೆ ಕೃತಜ್ಞತೆ ಹೇಳಿದರು.

ಧರ್ಮಣ್ಣನನ್ನು ಜೋಗಳೇಕರ ಮಾಸ್ತರರು ಬಿಡಲಿಲ್ಲ. ತಿಂಗಳಿಗೊಂದು ರವಿವಾರ ತಮ್ಮಲ್ಲಿಗೆ ಬರುವ ಹಾಡುಗಾರರ ಜೊತೆ ನುಡಿಸಲು ಕರೆಸಿಕೊಂಡರು. ಎಂಬತ್ತನಾಲ್ಕರಲ್ಲಿ ಅವನಿಗೊಬ್ಬನಿಗೇ ಅರ್ಧ ತಾಸು ಕೊಟ್ಟರು. ಹಾಡಿಲ್ಲ, ಬರೀ ತಬಲಾ. ಇಂದೂ ಪೇಟಿಯಲ್ಲಿ ಒಂದೇ ಸಾಲನ್ನು ತಿರುತಿರುಗಿ ನುಡಿಸುತ್ತ ಅವನಿಗೆ ಆಸರೆ ಕೊಡುವುದೆಂದಾಯಿತು. ಮೈಕು ಬೇಕೇ ಬೇಕೆಂದು ಈ ಸಲ ಕೇಳಿದವನು ನಾನಲ್ಲ. ಹಿಂದೆ ಕೂಡುವ ಮುದುಕರಿಗೆ ಡಗ್ಗದ ದನಿ ಕೇಳಲೆಂದು ಮಾಸ್ತರರೇ ಹೇಳಿ ಕಳಿಸಿದ್ದರು.

ಖಡಕಿ, ಬೋಪೋಡಿಯಿಂದ ನಮ್ಮವರು ಒಂದು ಬಸ್ಸಿನಷ್ಟು ಜನ ಬಂದರು. ಅಂಬಾಬಾಯಿ ಅವತ್ತು ಹಾಡುವವರಾಗಿ ಅಲ್ಲ, ಕೇಳುವವರಾಗಿ ಬಂದಿದ್ದರು. ಧರ್ಮಣ್ಣ ಒಗೆದ ಬಿಳಿ ಅಂಗಿ ಹಾಕಿಕೊಂಡು, ಇನ್ನೂ ಗೋಡೆಗೆ ಒತ್ತಿಕೊಂಡವನಂತೆಯೇ ವೇದಿಕೆಯ ಮೇಲೆ ಕೂತ. ನಾನು ಎರಡು ಮೈಕನ್ನೂ ತಬಲಾದ ಮುಂದೆಯೇ ಇಟ್ಟು, ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿ, ಕೆಳಗೆ ಬಂದು ಆಂಪ್ಲಿಫಾಯರಿನ ಪಕ್ಕ ಕೂತೆ. ಅವನು ಮೊದಲ ಬೋಲು ನುಡಿಸಿದ. ನಿಧಾನವಾಗಿ, ಒಂದೊಂದೇ ಕಲ್ಲು ಇಟ್ಟು ಗೋಡೆ ಏರಿಸಿದ ಹಾಗೆ ಏರಿಸುತ್ತ ಹೋದ.

ಯಾರೋ ನನ್ನ ಹೆಗಲು ತಟ್ಟಿದರು. ಸಾಬವ್ವ. ತನ್ನ ಜಾಗ ಬಿಟ್ಟು, ಸಾಲುಗಳ ನಡುವೆ ಬಾಗಿ ಬಾಗಿ ನನ್ನ ತನಕ ಬಂದಿದ್ದಳು.

"ಸಾಹೇಬ್ರ, ಅಷ್ಟ ಹಿಂದಿನ ಸಾಲಿನ್ಯಾಗ ನಮ್ಮ ಬೋಪೋಡಿ ಮಂದಿ ಕುಂತಾರ. ಸ್ವಲ್ಪ ಜೋರ ಮಾಡ್ರಿ."

"ಈಗಿದ್ದದ್ದ ಸಾಕಲ್ಲ, ತಂಗಿ?"

"ಇಲ್ರಿ. ಜೋರ ಮಾಡ್ರಿ."

ಗುಂಡಿ ತಿರುಗಿಸಿದೆ. ಅವಳು ಅಲ್ಲೇ ನಿಂತು, ಕಿವಿಗೊಟ್ಟು ಕೇಳಿ, ಸರಿಯಾಯಿತೆಂದು ಖಾತ್ರಿ ಮಾಡಿಕೊಂಡು ತನ್ನ ಜಾಗಕ್ಕೆ ಹೋದಳು.